ಮಕ್ಕಳ ಹಲ್ಲು ಚೆನ್ನಾಗಿದೆ. ಹಾಗಾದರೆ ಮುಂದೆ ಹಲ್ಲಿನ ಡಾಕ್ಟರಿಗೆ ಕೆಲಸ ಇರುತ್ತಾ?

ವಿಜಯನಗರದಪ್ಪ
ಮಗಳು ಸೆಕೆಂಡ್ ಪಿಯು ಮುಗಿಸಿದ್ದಾಳೆ. ನೀಟ್‌ನಲ್ಲಿ ಬಂದಿರುವ ರ‍್ಯಾಂಕ್‌ಗೆ ಎಂಬಿಬಿಎಸ್ ದೂರದ ಮಾತು, ಬಿಡಿಎಸ್ ಸಿಗಬಹುದು. ಅವಳಿಗೆ ಮನಸ್ಸಿದೆ. ಅಳುಕು ಇರುವುದು ನನಗೆ.

ನಮ್ಮ ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ನಡೆದರೆ ಹನ್ನೆರಡು ನಿಮಿಷ. ಆ ದಾರಿಯಲ್ಲಿ ಏಳು ಡೆಂಟಲ್ ಕ್ಲಿನಿಕ್ ಇವೆ. ಬೇಕರಿ ಐದೇ. ಅದು ಒಂದು. ಇನ್ನೊಂದು ನಮ್ಮ ಮನೆಯದೇ ಲೆಕ್ಕ. ನನಗೆ 51. ಆರು ಹಲ್ಲಿಗೆ ಸಿಮೆಂಟ್, ಎರಡಕ್ಕೆ ಕ್ಯಾಪ್, ಕೀಳಿಸಿದ್ದು ಮೂರು. ಮಗಳಿಗೆ 18, ಒಂದು ಹುಳುಕೂ ಇಲ್ಲ. ಅವಳ ತಮ್ಮನಿಗೂ ಇಲ್ಲ. ನಾವು ಚಿಕ್ಕವರಿದ್ದಾಗ ಅಂಗೈಗೆ ನಂಜನಗೂಡು ಹಲ್ಲುಪುಡಿ ಸುರಿದುಕೊಂಡು, ಬೆರಳಲ್ಲಿ ಉಜ್ಜಿ, ಅರ್ಧ ನುಂಗಿ ಶಾಲೆಗೆ ಓಡುತ್ತಿದ್ದೆವು. ಇವರಿಗೆ ಎರಡು ವರ್ಷ ತುಂಬಿದಾಗಿನಿಂದ ಬ್ರಷ್ಷು, ಫ್ಲೋರೈಡ್ ಪೇಸ್ಟು, ಮಲಗುವ ಮುಂಚೆ ಇನ್ನೊಂದು ಸಲ.

ಹಲ್ಲು ಹಾಳಾಗುವುದೇ ನಿಂತರೆ ಹಲ್ಲಿನ ಡಾಕ್ಟರ್ ಹತ್ತಿರ ಯಾರು ಹೋಗುತ್ತಾರೆ? ಐದು ವರ್ಷ ಓದಿಸಿ, ಬೇಸಿಗೆಯಲ್ಲಿ ಕೊಡೆ ಅಂಗಡಿ ಹಾಕಿಕೊಟ್ಟ ಹಾಗೆ ಆಗಬಾರದಲ್ವಾ? ಗೊತ್ತಿರುವವರು ಹೇಳಿ.

ಸುಮ್ನೆ ಓದೋನು
ಏಳು ಕ್ಲಿನಿಕ್ ಬಾಗಿಲು ತೆಗೆದಿವೆ ಅಂದರೆ ಏಳೂ ಬಾಡಿಗೆ ಕಟ್ಟುತ್ತಿವೆ ಅಂತ ತಾನೆ? ವಿಜಯನಗರದ ಬಾಡಿಗೆ! ಎಲ್ಲಿಂದಲೋ ದುಡ್ಡು ಬರುತ್ತಿದೆ ಸರ್.

ಮಾಗಡಿ ರೋಡ್ ಡೆಂಟಿಸ್ಟ್
ಬಾಡಿಗೆ ಕಟ್ಟುವವರಲ್ಲಿ ನಾನೂ ಒಬ್ಬ. 22 ವರ್ಷದಿಂದ ಕ್ಲಿನಿಕ್ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆ ನನಗೂ ಒಂದು ಕಾಲದಲ್ಲಿ ಇತ್ತು. ಉದ್ದ ಆದರೂ ಬರೆಯುತ್ತೇನೆ.

ಶುರು ಮಾಡಿದಾಗ ನನ್ನ ಹತ್ತಿರ ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಜನರದು ಒಂದೇ ಮಾತು: "ಡಾಕ್ಟ್ರೇ, ತಡೆಯೋಕಾಗ್ತಿಲ್ಲ, ಕಿತ್ತುಬಿಡಿ." ಉಳಿಸಬಹುದು ಅಂತ ಹೇಳಿದರೆ ಅನುಮಾನದಿಂದ ನೋಡುತ್ತಿದ್ದರು. ಕೀಳಲು ನೂರು ರೂಪಾಯಿ, ಉಳಿಸಲು ಸಾವಿರಾರು. ಯಾರಿಗೆ ಬೇಕು? ಬಾಯಿಗೆ ಹತ್ತಿ ಕಚ್ಚಿಕೊಂಡು, ಐಸ್‌ಕ್ರೀಮ್ ತಿನ್ನಬಹುದಾ ಅಂತ ಸನ್ನೆಯಲ್ಲೇ ಕೇಳಿ ಹೋಗಿಬಿಡುತ್ತಿದ್ದರು. ಮತ್ತೆ ಬರುತ್ತಿದ್ದದ್ದು ಪಕ್ಕದ ಹಲ್ಲು ಕೆಟ್ಟಾಗ.

ಈಗ ಕಳೆದ ಶನಿವಾರದ ಪುಸ್ತಕ ತೆಗೆದು ನೋಡಿದೆ. ಹನ್ನೊಂದು ಜನ. 20 ವರ್ಷದೊಳಗಿನವರು ಮೂವರು, ಅವರಲ್ಲಿ ಒಬ್ಬರಿಗೂ ಹುಳುಕಿಲ್ಲ. ಇಬ್ಬರಿಗೆ ಕ್ಲಿಪ್ ಬಿಗಿ ಮಾಡುವುದು, ಒಬ್ಬಳಿಗೆ ಬುದ್ಧಿ ಹಲ್ಲು ಅಡ್ಡ ಬಂದಿದೆ. ಇಷ್ಟರ ಮಟ್ಟಿಗೆ ನಿಮ್ಮ ಅಂದಾಜು ಸರಿ. ಆದರೆ 45 ದಾಟಿದವರು ಏಳು ಜನ! 68 ವರ್ಷದ ಒಬ್ಬರಿಗೆ ಕೆಳಗಿನ ದವಡೆ ಹಲ್ಲಿಗೆ, ಬೇರಿನೊಳಗಿನ ಕೆಟ್ಟ ನರ ತೆಗೆದು ತುಂಬುವ ಆರ್‌ಸಿಟಿ. ಇನ್ನೊಬ್ಬರಿಗೆ ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ್ದ ಸಿಮೆಂಟಿನ ಕೆಳಗೆ ಮತ್ತೆ ಹುಳುಕು. ಇಬ್ಬರಿಗೆ ಒಸಡಿನ ತೊಂದರೆ, ಇಬ್ಬರಿಗೂ ಶುಗರ್ ಇದೆ. ಶುಗರ್ ಜಾಸ್ತಿಯಾದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಬರುವುದಿಲ್ಲ. ಎರಡೂ ಒಂದನ್ನೊಂದು ಎಳೆಯುತ್ತವೆ.

ಈ ಏಳು ಜನರ ಅಪ್ಪ ಅಮ್ಮಂದಿರು ಅದೇ ವಯಸ್ಸಿನಲ್ಲಿ ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಯಾಕೆ ಹೇಳಿ? ಅವರ ಬಾಯಲ್ಲಿ ಹಲ್ಲೇ ಇರಲಿಲ್ಲ. ಹಲ್ಲು ಉಳಿದಿರುವುದರಿಂದಲೇ ಇವರು ಬರುತ್ತಿದ್ದಾರೆ.

ಬೇಜಾರು ಮಾಡಿಕೊಳ್ಳಬೇಡಿ ಸರ್, ನನ್ನ ಅನ್ನ ಇರುವುದು ನಿಮ್ಮ ಬಾಯಲ್ಲೇ. ಆರು ಸಿಮೆಂಟ್ ಅಂದಿರಲ್ಲ, ಯಾವುದೂ ಶಾಶ್ವತ ಅಲ್ಲ. ಕೆಲವು ವರ್ಷಕ್ಕೆ ಅಂಚು ಬಿಡುತ್ತದೆ, ಇನ್ನೂ ಸ್ವಲ್ಪ ಕೊರೆದು ದೊಡ್ಡ ಸಿಮೆಂಟ್ ಹಾಕಬೇಕು. ಆಮೇಲೆ ಆರ್‌ಸಿಟಿ, ಕ್ಯಾಪ್. ಕೊನೆಗೆ ಅದೂ ಹೋದರೆ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ತಿರುಪು ಕೂರಿಸಿ ಕಟ್ಟುವ ಹಲ್ಲು. ಒಂದು ಸಲ ಡ್ರಿಲ್ ಮುಟ್ಟಿದ ಹಲ್ಲು ಜೀವನಪೂರ್ತಿ ನಮ್ಮ ಗಿರಾಕಿ. ನಿಮ್ಮ ಮಗಳ ಹಲ್ಲಿಗೆ ಆ ಮೊದಲ ಡ್ರಿಲ್ಲೇ ಬಿದ್ದಿಲ್ಲ. ಅದು ನಿಜವಾಗಿಯೂ ದೊಡ್ಡ ಲಾಭ, ಅವಳಿಗೆ.

ವಿಜಯನಗರದಪ್ಪ
ಓದಿ ನನ್ನ ಎಡಗಡೆ ದವಡೆ ಹಲ್ಲು ಜುಂ ಅಂತು ಡಾಕ್ಟ್ರೇ. ಆದರೆ ಪ್ರಶ್ನೆ ಹಾಗೇ ಇದೆ. ನಮ್ಮ ಪೀಳಿಗೆ ಮುಗಿದ ಮೇಲೆ? ಮಗಳು ಓದು ಮುಗಿಸಿ ಕ್ಲಿನಿಕ್ ಇಟ್ಟು ಕಾಲೂರುವ ಹೊತ್ತಿಗೆ ಬರುವವರು ಅವಳ ವಯಸ್ಸಿನವರೇ ಅಲ್ವಾ?

ಲೆಕ್ಕದ ಮೇಷ್ಟ್ರು
ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಶ್ನೆಯನ್ನು ಬೇರೆ ದೇಶಗಳು ನಮಗಿಂತ ಮೊದಲೇ ಕೇಳಿಕೊಂಡಿವೆ, ಕೈಯನ್ನೂ ಸುಟ್ಟುಕೊಂಡಿವೆ.

ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಅನ್ನುವ ಊರಿನಲ್ಲಿ 1945ರಲ್ಲಿ ಕುಡಿಯುವ ನೀರಿಗೆ ಅಳತೆಯಂತೆ ಫ್ಲೋರೈಡ್ ಬೆರೆಸಲು ಶುರು ಮಾಡಿದರು. ಪ್ರಪಂಚದಲ್ಲಿ ಅದೇ ಮೊದಲು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಹುಳುಕು 60%ಕ್ಕಿಂತ ಜಾಸ್ತಿ ಇಳಿಯಿತು. ಆಮೇಲೆ ಫ್ಲೋರೈಡ್ ಪೇಸ್ಟ್ ಬಂತು. ಇನ್ನೊಂದು ಕಡೆ, 1970ರ ದಶಕದಲ್ಲಿ ಸರ್ಕಾರ ದುಡ್ಡು ಸುರಿದು ಡೆಂಟಲ್ ಸೀಟು ಹೆಚ್ಚಿಸಿತ್ತು. ಡಾಕ್ಟರು ಜಾಸ್ತಿ, ಹುಳುಕು ಕಡಿಮೆ. ನಿಮ್ಮ ಭಯವೇ ಅವರಿಗೂ ಬಂತು. ಮೊದಲ ವರ್ಷಕ್ಕೆ ಸೇರುವವರು 1970ರ ದಶಕದ ಕೊನೆಯಲ್ಲಿ ಸುಮಾರು 6,300 ಇದ್ದದ್ದು ಹತ್ತೇ ವರ್ಷದಲ್ಲಿ ಸುಮಾರು 4,000ಕ್ಕೆ ಇಳಿಯಿತು. 1986ರಿಂದ 2001ರ ನಡುವೆ ಏಳು ಖಾಸಗಿ ಡೆಂಟಲ್ ಕಾಲೇಜುಗಳು ಮುಚ್ಚಿದವು. ಜಾರ್ಜ್‌ಟೌನ್, ನಾರ್ತ್‌ವೆಸ್ಟರ್ನ್‌ನಂಥ ದೊಡ್ಡ ಹೆಸರುಗಳೂ ಅದರಲ್ಲಿದ್ದವು.

ತಮಾಷೆ ನೋಡಿ, ಕೊನೆಯ ಕಾಲೇಜು ಮುಚ್ಚುವ ಮೊದಲೇ, 1997ರಿಂದ, ಅದೇ ದೇಶದಲ್ಲಿ ಹೊಸ ಡೆಂಟಲ್ ಕಾಲೇಜು ತೆರೆಯಲು ಶುರುವಾಯಿತು. ಹಲ್ಲು ಚೆನ್ನಾಗಿದ್ದ ಜನ ಡಾಕ್ಟರನ್ನು ಬಿಡಲಿಲ್ಲ. ಬೇರೆ ಕೆಲಸಕ್ಕೆ, ಬೇರೆ ವಯಸ್ಸಿನಲ್ಲಿ ಬಂದರು.

ಇಂಗ್ಲೆಂಡಿನದು ಇನ್ನೂ ಚೆನ್ನಾಗಿದೆ. ಅಲ್ಲಿ ಒಂದು ಕಾಲದಲ್ಲಿ ಮದುವೆಗೆ ಮುಂಚೆ ಹುಡುಗಿಯ ಹಲ್ಲನ್ನೆಲ್ಲ ಕೀಳಿಸಿ ಸೆಟ್ ಹಾಕಿಸಿ ಕಳಿಸುತ್ತಿದ್ದರಂತೆ, ಗಂಡನಿಗೆ ಮುಂದೆ ಖರ್ಚು ಬೀಳದಿರಲಿ ಅಂತ. 1968ರ ಸಮೀಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರಲ್ಲಿ 37% ಜನರಿಗೆ ಒಂದೂ ಹಲ್ಲಿರಲಿಲ್ಲ. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು! 2009ರ ಹೊತ್ತಿಗೆ ಅದು 6%. ಲಾಭ ಯಾರಿಗೆ? ಹಲ್ಲು ಉಳಿಸಿಕೊಂಡವರಿಗೆ, ಅನುಮಾನವೇ ಇಲ್ಲ. ಆದರೆ ಬಾಯಿ ಬೋಡಾದವನಿಗೆ ಸೆಟ್ ಒಂದು ಬಿಟ್ಟರೆ ಇನ್ನೇನೂ ಬೇಕಿಲ್ಲ. 26 ಹಲ್ಲಿರುವ 65 ವರ್ಷದವನಿಗೆ 26 ಕಡೆ ರಿಪೇರಿ ಬರಬಹುದು. ಚಿಕ್ಕಂದಿನಲ್ಲಿ ಸಿಕ್ಕಾಪಟ್ಟೆ ಸಿಮೆಂಟ್, ಬೆಳ್ಳಿ ತುಂಬಿಸಿಕೊಂಡು ಹಲ್ಲು ಉಳಿಸಿಕೊಂಡ ಆ ತಲೆಮಾರಿಗೆ ಅಲ್ಲಿನ ಡಾಕ್ಟರುಗಳು "ಹೆವಿ ಮೆಟಲ್" ಪೀಳಿಗೆ ಅಂತಲೇ ಹೆಸರಿಟ್ಟಿದ್ದಾರೆ.

ನಮ್ಮ ಗಾದೆ ಗೊತ್ತಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಬೇಡಿಕೆ ಅನ್ನುವುದು ಎರಡೂ ಒಟ್ಟಿಗೆ ಇದ್ದಾಗ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಈಗ ಒಂದು ವರ್ಗಕ್ಕೆ ಹಲ್ಲೂ ಇದೆ, ಕಡಲೆಯೂ ಇದೆ. ನಿಮ್ಮ ದಾರಿಯ ಏಳು ಕ್ಲಿನಿಕ್ ಬದುಕಿರುವುದು ಅವರಿಂದ.

ಮೇಣ ಪ್ಲಾಸ್ಟರ್
ಮೇಷ್ಟ್ರು ಹೇಳಿದ್ದು ನಮ್ಮ ಲ್ಯಾಬ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ನಾನು ಡೆಂಟಲ್ ಲ್ಯಾಬ್ ಟೆಕ್ನಿಷಿಯನ್. ನೀವು ಬಾಯಿಗೆ ಹಾಕಿಸಿಕೊಳ್ಳುವ ಕ್ಯಾಪ್, ಬ್ರಿಡ್ಜ್, ಸೆಟ್ ಮಾಡುವವರು ನಾವು. ಡಾಕ್ಟರ್ ಹೆಸರು ಬೋರ್ಡಿನಲ್ಲಿರುತ್ತದೆ, ನಾವು ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೂತಿರುತ್ತೇವೆ.

ನಾನು ಕೆಲಸ ಕಲಿತಾಗ ದಿನಪೂರ್ತಿ ಸೆಟ್ಟೇ. ಕ್ಲಿನಿಕ್‌ನಿಂದ ಅಳತೆ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು, ಮೇಣದ ದಿಂಡು ಕಟ್ಟಿ, ಸ್ಪಿರಿಟ್ ದೀಪದಲ್ಲಿ ಚಾಕು ಕಾಯಿಸಿ ಒಂದೊಂದೇ ಹಲ್ಲನ್ನು ಮೇಣದಲ್ಲಿ ಕೂರಿಸುತ್ತಿದ್ದೆವು. ಮುಂದಿನ ಎರಡು ಹಲ್ಲು ಒಂದು ಕೂದಲೆಳೆ ಉದ್ದ ಆದರೂ ಮುಖವೇ ಬದಲಾಗುತ್ತದೆ. ನಮ್ಮ ಗುರುಗಳು ಪೇಶೆಂಟಿನ ಹಳೇ ಮದುವೆ ಫೋಟೋ ತರಿಸಿ ನೋಡಿ ಜೋಡಿಸುತ್ತಿದ್ದರು. ಆಮೇಲೆ ಬಿಸಿನೀರಲ್ಲಿ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ಹಿಟ್ಟು ಒತ್ತಿ ಬೇಯಿಸುವುದು. ಆ ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ "ಹಲ್ಲಿನ ವಾಸನೆ ಬಂತು" ಅಂತ ಬಾಗಿಲು ತೆಗೆಯುತ್ತಿದ್ದಳು.

ಆಗ ತಿಂಗಳಿಗೆ ಮೂವತ್ತು ನಲವತ್ತು ಫುಲ್ ಸೆಟ್ ಮಾಡಿದ್ದೇವೆ. ಈಗ ಐದಾರು ಆದರೆ ಹೆಚ್ಚು. ಬಿಪಿಎಲ್ ಕಾರ್ಡಿನ ವಯಸ್ಸಾದವರಿಗೆ ಸರ್ಕಾರದ ದಂತ ಭಾಗ್ಯದಲ್ಲಿ ಉಚಿತ ಸೆಟ್ ಉಂಟು. ಆದರೆ ಅದು ಕಾಲೇಜುಗಳಲ್ಲಿ ನಡೆಯುವ ಕೆಲಸ, ನಮ್ಮ ಕಡೆ ಬರುವುದಿಲ್ಲ. ಹಾಗಂತ ಲ್ಯಾಬ್ ಮುಚ್ಚಿದೆವಾ? ಇಲ್ಲ. ಆಗ ನಾಲ್ಕು ಜನ ಇದ್ದೆವು, ಈಗ ಹದಿನಾಲ್ಕು. ಎಲ್ಲ ಜಿರ್ಕೋನಿಯಾ ಅನ್ನುವ ಗಟ್ಟಿ ಪಿಂಗಾಣಿಯ ಕ್ಯಾಪು. ಕ್ಲಿನಿಕ್‌ನಿಂದ ಬಾಯಿಯ ಸ್ಕ್ಯಾನ್ ಕಂಪ್ಯೂಟರಿಗೆ ಬರುತ್ತದೆ, ಹುಡುಗರು ಪರದೆ ಮೇಲೆ ಹಲ್ಲು ಕೆತ್ತುತ್ತಾರೆ, ಮಿಷನ್ ಕೊರೆಯುತ್ತದೆ, ಆಮೇಲೆ ಸುಮಾರು 1,500 ಡಿಗ್ರಿ ಒಲೆಗೆ ಹೋಗುತ್ತದೆ. ಸೆಟ್ ಗಿರಾಕಿ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ. ಹಲ್ಲಿರುವ ಗಿರಾಕಿಯ ಬಾಯಿಂದ ಎರಡು ಮೂರು ವರ್ಷಕ್ಕೊಂದು ಕೆಲಸ ಬರುತ್ತದೆ.

ಇನ್ನೊಂದು ವಿಷಯ. ಮೊದಲು 55ಕ್ಕೆ ಸೆಟ್ ಹಾಕಿಸುತ್ತಿದ್ದರು, ಈಗ ಬಂದರೆ 75ಕ್ಕೆ. ಅಷ್ಟು ಹೊತ್ತಿಗೆ ದವಡೆ ಮೂಳೆ ಸವೆದಿರುತ್ತದೆ, ನಾಲಿಗೆಗೂ ಹೊಸದು ಒಗ್ಗುವುದಿಲ್ಲ. ಮಾಡಿಕೊಟ್ಟ ಸೆಟ್ಟನ್ನು ಲೋಟದ ನೀರಿನಲ್ಲಿ ಇಟ್ಟುಕೊಂಡೇ ಊಟ ಮಾಡುತ್ತಾರೆ. ಸಂಖ್ಯೆ ಕಡಿಮೆ ಆದರೂ ಕೆಲಸ ಕಷ್ಟ ಆಗಿದೆ.

ಲಗ್ಗೆರೆ ಟೀಚರ್
ಎಲ್ಲರೂ ಹಲ್ಲು ಚೆನ್ನಾಗಾಗಿದೆ ಅಂತಲೇ ಶುರು ಮಾಡಿದ್ದೀರಿ. ಯಾರ ಹಲ್ಲು?

ನಾನು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಬಹಳ ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಿಗ್ಗೆ ಬಸ್ ಹಿಡಿಯುವ ಆತುರದಲ್ಲಿ ಮಗು ಹಲ್ಲುಜ್ಜಿತಾ ಅಂತ ಯಾರು ನೋಡುತ್ತಾರೆ? ಗೇಟಿನ ಹೊರಗೆ ಅಂಗಡಿ, ಒಂದು ರೂಪಾಯಿ ಎರಡು ರೂಪಾಯಿ ಚಾಕಲೇಟ್, ಅಂಟು ಮಿಠಾಯಿ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಮೂರು ದಿನ ಕೆನ್ನೆಯಲ್ಲಿ ಲವಂಗ ಇಟ್ಟುಕೊಂಡು ಕೂತಿದ್ದ. ಮಗ್ಗಿ ಕೇಳಿದರೆ ಬಾಯಿ ತೆಗೆಯಲಿಲ್ಲ, ನಾನು ಹಟ ಅಂದುಕೊಂಡು ಗದರಿದೆ. ನಾಲ್ಕನೇ ದಿನ ಕೆನ್ನೆ ಊದಿಕೊಂಡು ಕಣ್ಣು ಅರ್ಧ ಮುಚ್ಚಿತ್ತು.

ಶಾಲೆಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಹಲ್ಲೂ ನೋಡುತ್ತಾರೆ. ಆ ಹುಡುಗನಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಚೀಟಿ ಬರೆದುಕೊಟ್ಟು ಐದು ತಿಂಗಳಾಗಿತ್ತು. ಚೀಟಿ ಬ್ಯಾಗಿನ ತಳದಲ್ಲೇ ಇತ್ತು, ಮಡಿಕೆಯಲ್ಲಿ ಪೆನ್ಸಿಲ್ ಪುಡಿ ತುಂಬಿತ್ತು. ಅವರಮ್ಮನನ್ನು ಕೇಳಿದೆ. "ಒಂದು ದಿನ ರಜೆ ಹಾಕಿದ್ರೆ ಸಂಬಳನೂ ಹೋಗತ್ತೆ, ಹಾಜರಾತಿ ದುಡ್ಡೂ ಹೋಗತ್ತೆ ಮಿಸ್. ಹಾಲುಹಲ್ಲು ತಾನೆ, ಬಿದ್ದು ಬರತ್ತೆ ಅಂದ್ಕೊಂಡೆ" ಅಂದಳು. ಆದರೆ ಅದು ಹಾಲುಹಲ್ಲಲ್ಲ, ಆರನೇ ವರ್ಷಕ್ಕೆ ಬರುವ ಕಾಯಂ ದವಡೆ ಹಲ್ಲು. ಎಲ್ಲ ಹಲ್ಲಿನ ಹಿಂದೆ ಸದ್ದಿಲ್ಲದೆ ಬರುತ್ತದೆ, ಹಾಲುಹಲ್ಲು ಯಾವುದೂ ಬಿದ್ದು ಬರುವುದಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಕಿತ್ತರು. ಒಂಬತ್ತು ವರ್ಷಕ್ಕೆ ಒಂದು ಹಲ್ಲು ಕಡಿಮೆ.

ಈ ಹುಡುಗ ನಿಮ್ಮ ಬೇಡಿಕೆ ಲೆಕ್ಕದಲ್ಲಿ ಎಲ್ಲಿದ್ದಾನೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಎಲ್ಲೂ ಇಲ್ಲ ಟೀಚರ್. ಅದೇ ಈ ಲೆಕ್ಕದ ದೊಡ್ಡ ತೂತು. ಅಗತ್ಯ ಬೇರೆ, ಬೇಡಿಕೆ ಬೇರೆ. ಬಾಯಲ್ಲಿ ಹುಳುಕಿರುವುದು ಅಗತ್ಯ. ಬಾಗಿಲು ತಳ್ಳಿಕೊಂಡು ಒಳಗೆ ಬಂದು ಕುರ್ಚಿ ಮೇಲೆ ಕೂತರೆ ಬೇಡಿಕೆ. ನಡುವೆ ದುಡ್ಡು, ರಜೆ, ಬಸ್ಸು, ಭಯ ಎಲ್ಲ ಇವೆ.

2002–03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಸುಮಾರು 54% ಮಂದಿಗೆ, 35ರಿಂದ 44 ವಯಸ್ಸಿನವರಲ್ಲಿ ಸುಮಾರು 80% ಮಂದಿಗೆ ಹುಳುಕು ಇತ್ತು. ಅಷ್ಟೂ ಜನ ಒಂದೇ ವಾರ ಡಾಕ್ಟರ ಹತ್ತಿರ ಬಂದಿದ್ದರೆ ದೇಶದ ಕ್ಲಿನಿಕ್ಕೆಲ್ಲ ಗೇಟು ಹಾಕಿಕೊಳ್ಳಬೇಕಾಗುತ್ತಿತ್ತು. ಬರಲಿಲ್ಲ. ಹಾಗಾಗಿ ವಿಚಿತ್ರ ಏನೆಂದರೆ, ಹಲ್ಲು ಕೆಟ್ಟಿರುವವರು ಡಾಕ್ಟರ ಹತ್ತಿರ ಕಡಿಮೆ ಹೋಗುತ್ತಾರೆ, ಹಲ್ಲು ಚೆನ್ನಾಗಿರುವವರೇ ಜಾಸ್ತಿ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸುವವರು ಯಾರು, ನೀವೇ ನೋಡಿ.

ನಮ್ಮಲ್ಲಿ ಸಾಮಾನ್ಯ ಹೆಲ್ತ್ ಇನ್ಶೂರೆನ್ಸ್ ಹಲ್ಲಿಗೆ ಬರುವುದಿಲ್ಲ, ಆಕ್ಸಿಡೆಂಟಲ್ಲಿ ಮುರಿದು ಅಡ್ಮಿಟ್ ಆದರೆ ಮಾತ್ರ. ಅದಕ್ಕೇ ಎಲ್ಲವೂ ಕೈಯಿಂದ. ಟೀಚರ್, ಆ ತಾಯಿಗೆ ಕಾರ್ಮಿಕರ ವಿಮೆ ಇಎಸ್‌ಐ ಇದ್ದರೆ ಅದರಲ್ಲಿ ಹಲ್ಲಿನ ಚಿಕಿತ್ಸೆಯೂ ಸಿಗುತ್ತದೆ, ಮಗುವಿಗೂ ಸೇರಿ. ಒಂದು ಸಲ ಕೇಳಿ ನೋಡಿ.

ಲಗ್ಗೆರೆ ಟೀಚರ್
ಇಎಸ್‌ಐ ಇದೆ. ಕಾರ್ಡಿನಲ್ಲಿ ಹಲ್ಲೂ ಬರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹೇಳುತ್ತೇನೆ.

ಎರಡನೇ ಒಪಿನಿಯನ್
ನಾನು ಸ್ವಲ್ಪ ಕಹಿ ಮಾತು ಹೇಳುತ್ತೇನೆ, ಡಾಕ್ಟ್ರು ಕೋಪ ಮಾಡಿಕೊಳ್ಳಬಾರದು. ಹಲ್ಲು ಚೆನ್ನಾಗಾದರೂ ಬೇಡಿಕೆ ಇಳಿಯದಿರುವುದಕ್ಕೆ ಇನ್ನೊಂದು ಕಾರಣ ಇದೆ. ಬೇಡಿಕೆಯನ್ನು ನೀವೇ ಹುಟ್ಟಿಸುತ್ತೀರಿ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಭಾನುವಾರ ಉಚಿತ ಹಲ್ಲು ತಪಾಸಣೆ ಕ್ಯಾಂಪ್ ಮಾಡಿದರು. ಪಾರ್ಟಿ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಟಾರ್ಚು. ನನಗೆ 34 ವರ್ಷ, ನೋವಿಲ್ಲ, ಜುಂ ಅನ್ನುವುದಿಲ್ಲ. ಎರಡು ನಿಮಿಷ ನೋಡಿ ಐದು ಹಲ್ಲಿಗೆ ಸಿಮೆಂಟ್ ಬೇಕು ಅಂತ ಬರೆದುಕೊಟ್ಟರು. ಜೊತೆಗೆ ಡಿಸ್ಕೌಂಟ್ ಕೂಪನ್, ಕಂತಿನಲ್ಲಿ ಕಟ್ಟಬಹುದು ಅಂತ ಒಂದು ಕಾಗದ. ನನಗೆ ನಿದ್ದೆ ಬರಲಿಲ್ಲ. ಬೇರೆ ಕಡೆ ಹೋದೆ. ಅಲ್ಲಿ ಎಕ್ಸ್‌ರೇ ತೆಗೆದು ಒಂದಕ್ಕೆ ಬೇಕು, ಉಳಿದದ್ದು ಕಾದು ನೋಡೋಣ ಅಂದರು. ಐದಕ್ಕೂ ಒಂದಕ್ಕೂ ನಡುವೆ ಇರುವ ನಾಲ್ಕು ಹಲ್ಲು ಏನು ಹಾಗಾದರೆ? ರೋಗವಾ, ಬಾಡಿಗೆಯಾ?

ಸುಮ್ನೆ ಓದೋನು
"ರೋಗವಾ, ಬಾಡಿಗೆಯಾ" 😂 ಡಾಕ್ಟ್ರೇ, ಉತ್ತರ ಬೇಕು.

ಮಾಗಡಿ ರೋಡ್ ಡೆಂಟಿಸ್ಟ್
ಕೋಪ ಇಲ್ಲ. ಕೇಳಬೇಕಾದ ಪ್ರಶ್ನೆಯೇ. ಕೆಲವು ಸಲ ಬಾಡಿಗೆ, ಒಪ್ಪಿಕೊಳ್ಳುತ್ತೇನೆ. ಆದರೆ ಎಲ್ಲ ಸಲ ಅಲ್ಲ.

ಸಿಹಿ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ. ಬಾಯಿಯ ಪಿಎಚ್, ಅಂದರೆ ಆಮ್ಲ ಹೆಚ್ಚಾದಷ್ಟೂ ಇಳಿಯುವ ಅಳತೆ, ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಮೇಲ್ಪದರದಿಂದ ಖನಿಜ ಕರಗಿ ಹೋಗುತ್ತದೆ. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಎಂಜಲು ಅದನ್ನು ಸರಿದೂಗಿಸಿ ಖನಿಜ ಮತ್ತೆ ಕೂರಿಸುತ್ತದೆ. ಫ್ಲೋರೈಡ್ ಇದ್ದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ದಿನಾ ನಡೆಯುವ ಕೊಡುಕೊಳ್ಳುವಿಕೆ ಇದು. ಸಾಲ ಜಾಸ್ತಿಯಾದರೆ ಮೊದಲು ಬಿಳಿ ಮಚ್ಚೆ, ಆಮೇಲೆ ತೂತು. ಬಿಳಿ ಮಚ್ಚೆಯ ಹಂತದಲ್ಲಿ ಹಿಡಿದರೆ ಡ್ರಿಲ್ ಬೇಡ. ಫ್ಲೋರೈಡ್ ವಾರ್ನಿಷ್ ಹಚ್ಚಿ, ತಿನ್ನುವ ಹೊತ್ತು ಸರಿ ಮಾಡಿಕೊಂಡರೆ ವಾಪಸ್ ಬರುತ್ತದೆ. ನಿಮ್ಮ ಆ ನಾಲ್ಕು ಹಲ್ಲು ಈ ಜಾಗದಲ್ಲಿರಬಹುದು. ಹಿಂದೆ ಜನರ ಹಲ್ಲು ಬೇಗ ಕೆಡುತ್ತಿದ್ದವು, ಇವತ್ತಿನ ಮಚ್ಚೆ ಆರು ತಿಂಗಳಿಗೆ ತೂತು. ಅದಕ್ಕೇ ನಮಗೆ ಕಂಡ ಕೂಡಲೇ ಕೊರೆಯುವುದು ಕಲಿಸಿದ್ದರು. ಈಗ ಕೆಡುವುದು ನಿಧಾನ. ಕಾಯಬಹುದು.

ಆದರೆ ತಾಪತ್ರಯ ಎಲ್ಲಿದೆ ಗೊತ್ತಾ? ಕೊರೆದು ತುಂಬಿದರೆ ನೀವು ದುಡ್ಡು ಕೊಡುತ್ತೀರಿ. ಇಪ್ಪತ್ತು ನಿಮಿಷ ಕೂತು ನೋಡಿ, ಏನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಅಂದರೆ "ಏನೂ ಮಾಡೇ ಇಲ್ವಲ್ಲ ಡಾಕ್ಟ್ರೇ" ಅಂತ ಇನ್ನೂರು ರೂಪಾಯಿ ಕೊಡಲೂ ಮುಖ ನೋಡುತ್ತಾರೆ. ಹಲ್ಲು ಚೆನ್ನಾಗಾದ ಹಾಗೆ ನಮ್ಮ ಕೆಲಸ ಹೆಚ್ಚೆಚ್ಚು "ಕಾದು ನೋಡುವುದು" ಆಗಬೇಕು. ಅದಕ್ಕೆ ಬೆಲೆ ಕಟ್ಟುವ ಅಭ್ಯಾಸ ನಮಗೂ ಇಲ್ಲ, ನಿಮಗೂ ಇಲ್ಲ.

ವಿಜಯನಗರದಪ್ಪ, ಇದನ್ನೂ ಮಗಳಿಗೆ ಹೇಳಿ. ನಮ್ಮ ರಾಜ್ಯದಲ್ಲೇ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜು, ದೇಶದಲ್ಲಿ 300ಕ್ಕೂ ಹೆಚ್ಚು. ಹೊಸದಾಗಿ ಹೊರಬಂದ ಬಿಡಿಎಸ್ ಹುಡುಗರಿಗೆ ಬೆಂಗಳೂರಿನಲ್ಲಿ ಕೊಡುವ ಸಂಬಳ ಹೇಳಲು ನನಗೇ ನಾಚಿಕೆ. ಅದಕ್ಕೆ ಕಾರಣ ಜನರ ಹಲ್ಲು ಚೆನ್ನಾಗಿರುವುದಲ್ಲ. ನಾವೆಲ್ಲ ನಿಮ್ಮ ಮೆಟ್ರೋ ದಾರಿಯಲ್ಲೇ ಕೂತಿದ್ದೇವೆ. ಲಗ್ಗೆರೆ ಟೀಚರ್ ಶಾಲೆಯ ಗೇಟಿನ ಹತ್ತಿರ ಇರುವುದು ಚಾಕಲೇಟ್ ಅಂಗಡಿ.

ಬಾಗೇಪಲ್ಲಿ ಟು ಬೆಳ್ಳಂದೂರು
ಫ್ಲೋರೈಡ್ ಫ್ಲೋರೈಡ್ ಅಂತ ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಹಲ್ಲು ನೋಡಿದರೆ ಸುಮ್ಮನಾಗುತ್ತೀರಿ. ನಮ್ಮೂರ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನಮ್ಮ ಕಡೆ ಅದಕ್ಕಿಂತ ಮೇಲೆ. ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲಿ ಅದು ಸೇರಿದರೆ ಹಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಪಟ್ಟೆ, ಆಮೇಲೆ ಕಂದು.

ಡಾಕ್ಟರ್ ಹೇಳಿದ್ದು, ನನಗೆ ಒಂದೂ ಹುಳುಕಿಲ್ಲ. ಲೆಕ್ಕದ ಪ್ರಕಾರ ನನ್ನ ಹಲ್ಲು ಆರೋಗ್ಯವಾಗಿದೆ. ಆದರೆ ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ನಾನು ನಗುವುದು ಬಿಟ್ಟೆ. ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಆಫ್. ಹುಡುಗನ ಕಡೆಯವರು ನೋಡಲು ಬಂದಾಗ ಅತ್ತೆಯಾಗಬೇಕಿದ್ದವರು "ಹುಡುಗಿ ಹೊಗೆಸೊಪ್ಪು ಹಾಕ್ತಾಳಾ?" ಅಂತ ನಮ್ಮ ಚಿಕ್ಕಮ್ಮನ ಕಿವಿಯಲ್ಲಿ ಕೇಳಿದರಂತೆ. ನಾಲ್ಕು ತಿಂಗಳ ಉಳಿತಾಯ ಕೊಟ್ಟು ಮುಂದಿನ ಆರು ಹಲ್ಲಿಗೆ ವೆನೀರ್, ಅಂದರೆ ಹಲ್ಲಿನ ಬಣ್ಣದ ತೆಳು ಹೊದಿಕೆ, ಹಾಕಿಸಿದೆ. ಇದು ಅಗತ್ಯವಾ ಬೇಡಿಕೆಯಾ ಮೇಷ್ಟ್ರೇ? ನನಗೆ ಗೊತ್ತಿಲ್ಲ. ಈಗ ಕ್ಯಾಮೆರಾ ಆನ್ ಇರುತ್ತದೆ ಅಷ್ಟೇ.

ಲೆಕ್ಕದ ಮೇಷ್ಟ್ರು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಆದರೆ ಕಥೆ ಶುರುವಾದದ್ದೇ ನಿಮ್ಮಂಥ ಹಲ್ಲಿನಿಂದ. 1901ರಲ್ಲಿ ಫ್ರೆಡರಿಕ್ ಮೆಕೆ ಅನ್ನುವ ಡೆಂಟಿಸ್ಟ್ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದಾಗ ಊರವರ ಹಲ್ಲು ಕಂದು ಬಣ್ಣ. ಆ ಕಂದು ಹಲ್ಲು ಹುಳುಕುವುದು ಕಡಿಮೆ ಅಂತ ಅವನು ಗಮನಿಸಿದ. ಕಾರಣ ನೀರಿನ ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. ಕಲೆ ಬೀಳದಷ್ಟು, ಹುಳುಕು ತಡೆಯುವಷ್ಟು ಅಳತೆ ಹುಡುಕಿದ್ದು ಆಮೇಲೆ. ನಿಮ್ಮೂರಲ್ಲಿ ಅಳತೆ ಮೀರಿತು.

ಸುಮ್ನೆ ಓದೋನು
ಒಂದು ವಿಷಯ ಯಾರೂ ಎತ್ತಲಿಲ್ಲ. ಎಲೆ ಅಡಿಕೆ, ಗುಟ್ಕಾ. ನಮ್ಮ ಮಾವನಿಗೆ ಹಲ್ಲು ಕಲ್ಲಿನ ಹಾಗೆ ಗಟ್ಟಿ. ಬಾಯಿ ಮಾತ್ರ ಎರಡು ಬೆರಳಷ್ಟೂ ತೆರೆಯುವುದಿಲ್ಲ.

ಮಾಗಡಿ ರೋಡ್ ಡೆಂಟಿಸ್ಟ್
ಸರ್, ಇದನ್ನು ಮುಂದಕ್ಕೆ ಹಾಕಬೇಡಿ. ಅಡಿಕೆಯಿಂದ ಕೆನ್ನೆ ಒಳಗಿನ ಚರ್ಮ ನಾರಿನ ಹಾಗೆ ಬಿಗಿದುಕೊಳ್ಳುತ್ತದೆ. ಅದು ಕ್ಯಾನ್ಸರಿಗೆ ತಿರುಗಬಹುದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಕೋಟೆಯ ಹತ್ತಿರ ವಿಕ್ಟೋರಿಯಾ ಆವರಣದಲ್ಲಿರುವ ಸರ್ಕಾರಿ ಡೆಂಟಲ್ ಕಾಲೇಜಿಗೋ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಈ ವಾರವೇ ಕರೆದುಕೊಂಡು ಹೋಗಿ. ಹಲ್ಲು ಗಟ್ಟಿ ಇದೆ ಅಂತ ಅವರು ಯಾವತ್ತೂ ಡಾಕ್ಟರಿಗೆ ಬಾಯಿ ತೋರಿಸಿರುವುದಿಲ್ಲ, ಅಲ್ವಾ? ಅಲ್ಲೇ ತಪ್ಪುವುದು.

ಸುಮ್ನೆ ಓದೋನು
ತೋರಿಸಿಲ್ಲ. ಕರೆದುಕೊಂಡು ಹೋಗುತ್ತೇನೆ ಡಾಕ್ಟ್ರೇ.

ವಿಜಯನಗರದಪ್ಪ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಇದನ್ನೆಲ್ಲ ಮಗಳಿಗೆ ಓದಿಸಿದೆ. ಅವಳು ಓದಿ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿ ಯಾವತ್ತಾದರೂ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರಾ?" ಇಲ್ಲ. ಅಮ್ಮನಿಗೆ 77. ನೋವಿಲ್ಲ, ಹೋಗಿಲ್ಲ. ಕೋಡುಬಳೆಯನ್ನು ಎಡಗಡೆ ಮಾತ್ರ ಕಡಿಯುತ್ತಾರೆ, ಅದು ಅಭ್ಯಾಸ ಅಂದುಕೊಂಡಿದ್ದೆವು.

ಮಗಳೇ ಹಟ ಹಿಡಿದು ಒಂದು ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಿಂದೆ ನಾನು. ಉದ್ದನೆ ಹಾಲ್, ಸಾಲಾಗಿ ಕುರ್ಚಿಗಳು, ಅಲ್ಲೇ ಪಿಜಿ ಓದುತ್ತಿರುವ ಹುಡುಗಿಯೊಬ್ಬಳು ಪುಟ್ಟ ಕನ್ನಡಿ ಹಿಡಿದು ಎಣಿಸಿದಳು. ಇಪ್ಪತ್ತಾರು! ಮೇಷ್ಟ್ರು ಹೇಳಿದ ಅದೇ ಸಂಖ್ಯೆ. ಅಮ್ಮನಿಗೆ ಹೆಮ್ಮೆಯೋ ಹೆಮ್ಮೆ, ಪಕ್ಕದ ಕುರ್ಚಿಯವರಿಗೂ ಹೇಳಿದರು. ಆಮೇಲೆ ಆ ಹುಡುಗಿ ಬಲಗಡೆ ಒಸಡಿನ ಅಂಚಿನಲ್ಲಿ ಮೂರು ಕಡೆ ತೋರಿಸಿದಳು. ವಯಸ್ಸಿಗೆ ಒಸಡು ಕೆಳಗೆ ಸರಿದು ಬೇರು ಹೊರಗೆ ಬಂದಿದೆ, ಬೇರಿಗೆ ಮೇಲ್ಪದರದ ಗಟ್ಟಿತನ ಇಲ್ಲ, ಬೇಗ ಕರಗುತ್ತದೆ. ಬಿಪಿ ಮಾತ್ರೆಯಿಂದ ಬಾಯಿ ಒಣಗುವುದರಿಂದ ಎಂಜಲ ಕಾವಲೂ ಕಡಿಮೆ. ಹಲ್ಲು ಇಷ್ಟು ವರ್ಷ ಉಳಿದದ್ದಕ್ಕೆ ಬಂದ ರೋಗ ಇದು ಅಂದಳು.

ಮಗಳು ಅವಳನ್ನೇ ಹಿಡಿದುಕೊಂಡು ಸಂಬಳ, ಬಿಡಿಎಸ್ ಆದ ಮೇಲೆ ಓದುವ ಎಂಡಿಎಸ್ ಸೀಟು, ಎಲ್ಲ ವಿಚಾರಿಸಿದಳು. ಆ ಹುಡುಗಿ ಸುಳ್ಳು ಹೇಳಲಿಲ್ಲ. ಎಂಡಿಎಸ್ ಮಾಡದೆ ಬೆಂಗಳೂರಲ್ಲಿ ಕಷ್ಟ, ಸಣ್ಣ ಊರಿಗೆ ಹೋಗುವ ಮನಸ್ಸಿದ್ದರೆ ಬೇರೆ ಮಾತು ಅಂದಳಂತೆ. ಮನೆಗೆ ಬಂದು ಆಪ್ಷನ್ ಎಂಟ್ರಿಯಲ್ಲಿ ಮಗಳು ಸರ್ಕಾರಿ ಸೀಟಿನ ಬಿಡಿಎಸ್ ಮಾತ್ರ ಹಾಕಿದಳು, ಅದರ ಕೆಳಗೆ ಫಿಸಿಯೋ. ಖಾಸಗಿ ಬಿಡಿಎಸ್ ಒಂದನ್ನೂ ಹಾಕಲಿಲ್ಲ. ನಾನು ಏನೂ ಹೇಳಲಿಲ್ಲ.

ಲಗ್ಗೆರೆ ಟೀಚರ್
ಅಜ್ಜಿಗೆ ಸಿಮೆಂಟ್ ಹಾಕಿದರಾ?

ವಿಜಯನಗರದಪ್ಪ
ಎರಡಕ್ಕೆ ಹಾಕಿದ್ದಾರೆ, ಇನ್ನೊಂದಕ್ಕೆ ಗುರುವಾರ. ಅಲ್ಲಿಯವರೆಗೆ ಗಟ್ಟಿ ಪದಾರ್ಥ ಬೇಡ ಅಂದಿದ್ದಾರೆ. ಕೋಡುಬಳೆ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದೇವೆ. ಎಲ್ಲಿಟ್ಟಿದ್ದೀಯ ಅಂತ ದಿನಾ ಸಂಜೆ ಕೇಳುತ್ತಿದ್ದಾರೆ.